ಬಿಗಿತದ ಹದ

ಸಂಸ್ಕೃತದ ‘ಶೃಂಖಲಾ’ ಶಬ್ದವು ಕನ್ನಡಕ್ಕೆ ಬಂದು ಸಂಕಲೆಯಾಗಿ, ಸಂಕೋಲೆಯಾಗಿ ಬಳಕೆಗೊಂಡಾಗ ಬಂಧನದ ಭಾವವೂ ಅದರೊಡನೆ ಅಂಟಿಕೊಂಡೇ ಬಂದಿತು. ಸೆರೆಯಾಳಿಗೆ ಸಂಕೋಲೆ, ಮದಿಸಿದ ಆನೆಗೆ ಸಂಕೋಲೆ. ಆದರೆ ಮೋಟಾರು ಕಾರಿನ ಎಂಜಿನ್ನಿನೊಳಗೆ ಸುತ್ತುವ ಸರಪಳಿಯು ಯಾರನ್ನೂ ಕಟ್ಟಿಹಾಕುವುದಿಲ್ಲ. ಕಾಲವನ್ನು ಅಳೆದು ಹಂಚುವುದೇ ಅದರ ಕಾಯಕ. ಅದಕ್ಕೆ ಟೈಮಿಂಗ್ ಚೈನ್ ಎಂದು ಹೆಸರು ಬಂದುದೂ ಇದರಿಂದಲೇ.

ಕೆಳಗಿನ ಕ್ರ್ಯಾಂಕ್ ದಂಡವು ಎರಡು ಸುತ್ತು ತಿರುಗುವಷ್ಟರಲ್ಲಿ ಮೇಲಿನ ಕ್ಯಾಮ್ ದಂಡವು ಒಂದೇ ಸುತ್ತು ತಿರುಗತಕ್ಕದ್ದು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ವಾಲ್ವು ಕೆಳಗಿಳಿದ ಗಳಿಗೆಯಲ್ಲಿ ಪಿಸ್ಟನ್ನು ಮೇಲೆ ಬರಕೂಡದು. ಸರಪಳಿಯು ಹಲ್ಲು ತಪ್ಪಿತೆಂದರೆ ಇವೆರಡೂ ಡಿಕ್ಕಿ ಹೊಡೆದು, ವಾಲ್ವುಗಳು ಬಾಗಿ, ಎಂಜಿನ್ನೇ ಹಾಳಾಗುವ ಭಯವುಂಟು. ಬಳಸಿದಂತೆಲ್ಲ ಸರಪಳಿಯ ಕೀಲುಗಳು ಸವೆದು ಅದು ತುಸು ಉದ್ದವಾಗುವುದು ಸಹಜ. ಆ ಸಡಿಲನ್ನು ಹೀರಿಕೊಳ್ಳಲೆಂದು ಪಕ್ಕದಲ್ಲೊಂದು ಟೆನ್ಷನರ್ ಇರುತ್ತದೆ: ಹೆಬ್ಬೆರಳಿಗಿಂತ ದಪ್ಪನಾದ ಉಕ್ಕಿನ ಕೊಳವೆ, ಅದರೊಳಗೊಂದು ಸ್ಪ್ರಿಂಗು, ಮುಂದಕ್ಕೆ ಚಾಚುವ ಒಂದು ಗೂಟ. ಸ್ಪ್ರಿಂಗಿನ ಬಲಕ್ಕೆ ಎಂಜಿನ್ನಿನ ಎಣ್ಣೆಯ ಒತ್ತಡವೂ ಸೇರಿ, ಆ ಗೂಟವು ಬಾಗಿದ ಪಟ್ಟಿಯೊಂದನ್ನು ನೂಕುತ್ತದೆ. ಪಟ್ಟಿಯು ಸರಪಳಿಯನ್ನು ಒರಗಿಸಿ ಹಿಡಿಯುತ್ತದೆ. ನಮ್ಮ ತಂತು, ತಂತ್ರಿ, ತಂತಿಗಳ ಮೂಲವಾದ ‘ತನ್’ ಧಾತುವೂ ಈ ಟೆನ್ಷನರಿನ ಲ್ಯಾಟಿನ್ ಮೂಲವೂ ಒಂದೇ ಕುಲದವು. ಎಳೆದು ಹಿಡಿಯುವುದೆಂಬ ಅರ್ಥ ಎರಡರಲ್ಲಿಯೂ ಉಂಟು. ಈಚೆಗೆ ಮನೆಮನೆಯಲ್ಲಿ ‘ಟೆನ್ಷನ್’ ಎಂದರೆ ಮನಸ್ಸಿನ ಚಿಂತೆ ಎಂದಾಗಿರುವುದು ಬೇರೆಯ ಮಾತು; ಮುಂದೆ ಬರುವ ಸಾವಕಾರರಿಗೆ ಎರಡು ಅರ್ಥಗಳೂ ಏಕಕಾಲಕ್ಕೆ ಅನುಭವಕ್ಕೆ ಬಂದವು.

1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಬೆಂಜ್ ಕಾರುಗಳ ಜೋಡಣೆ ಆರಂಭವಾದಾಗ ಮೊದಲು ಹೊರಬಂದವು ಡಬ್ಲ್ಯು 124 ಎಂಬ ಮಾದರಿಯವು. ಅವುಗಳಲ್ಲಿ ಇ 220 ಎಂಬ ಪೆಟ್ರೋಲ್ ಕಾರಿನದು ನಾಲ್ಕು ಸಿಲಿಂಡರಿನ, ಹದಿನಾರು ವಾಲ್ವುಗಳ ಎಂಜಿನ್ನು. ಅಂತಹದೊಂದು ಕಾರು ಹುಬ್ಬಳ್ಳಿಯ ಅರಿವೆ ಅಂಗಡಿಯ ಸಾವಕಾರರ ಮನೆಯಲ್ಲಿತ್ತು. ತಂದೆಯವರು ಕೊಂಡ ಕಾರು. ಅವರು ತೀರಿಕೊಂಡ ಮೇಲೂ ಮಗನಿಗೆ ಮಾರಲು ಮನಸ್ಸು ಬಂದಿರಲಿಲ್ಲ. 2022ರ ಮಳೆಗಾಲದ ಮೊದಲಲ್ಲಿ ಅದು ನಿಂತ ಕಡೆಯಲ್ಲೆಲ್ಲ ಎಣ್ಣೆಯ ಹನಿಗಳು ಬೀಳತೊಡಗಿದವು. ಬೆಳಿಗ್ಗೆ ಚಾಲೂ ಮಾಡಿದೊಡನೆ ಎರಡು ಮೂರು ಸೆಕೆಂಡು ಕಟಕಟ ಸದ್ದು. ಯಾವುದೋ ಗ್ಯಾರೇಜಿನಲ್ಲಿ ‘ಸ್ವಲ್ಪ ಬಿಗಿ ಮಾಡಿ’ ಕಳುಹಿಸಿದರು. ಆಮೇಲೆ ಕಟಕಟ ಹೋಯಿತು. ಆದರೆ ಎಂಜಿನ್ನು ಗುಂಯ್ ಎಂದು ಹಾಡತೊಡಗಿತು, ಎಣ್ಣೆಯೂ ನಿಲ್ಲಲಿಲ್ಲ. ಮರುದಿನ ಬೆಳಗಿನ ಜಾವ ಪುಣೆಯಲ್ಲಿ ಮೊಮ್ಮಗನ ತೊಟ್ಟಿಲ ಸಮಾರಂಭಕ್ಕೆ ಹೊರಡಬೇಕೆಂಬಾಗ ಸಾವಕಾರರು ಆ ಕಾರನ್ನು ವಯಸ್ಸಾದ ಮಿಸ್ತ್ರಿಯೊಬ್ಬರಲ್ಲಿಗೆ ತಂದರು.

ಮಿಸ್ತ್ರಿಯು ಮೊದಲು ಪಾನಾಕ್ಕೆ ಕೈಹಾಕಲಿಲ್ಲ. ಎಂಜಿನ್ನಿನ ಮುಂಭಾಗವನ್ನೆಲ್ಲ ತೊಳೆಸಿ, ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ತರಿಸಿ ತೆಳ್ಳಗೆ ಉದುರಿಸಿದರು. ವಿಭೂತಿ ಧರಿಸಿದಂತೆ ಬೆಳ್ಳಗಾದ ಎಂಜಿನ್ನನ್ನು ಹತ್ತು ನಿಮಿಷ ಓಡಿಸಿದ ಮೇಲೆ, ಟೆನ್ಷನರ್ ಕೂತಿರುವ ತೂತಿನ ಸುತ್ತಲೇ ಕಂದು ಬಣ್ಣದ ಗೆರೆ ಮೂಡಿತು. ಎಣ್ಣೆಯು ಮೇಲಿನ ಮುಚ್ಚಳದಿಂದ ಇಳಿದು ಇಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಅದನ್ನು ಅರಿಯದೆ ಬಿಚ್ಚುವವರೇ ಬಹಳ. ಅನಂತರ ಅವರ ಕಣ್ಣು ಟೆನ್ಷನರಿನ ತಲೆಯ ಮೇಲಿನ ಹೊಸ ಗಾಯಗಳ ಮೇಲೆ ಬಿತ್ತು.

“ಸಾವಕಾರ್ರ, ಇದನ್ನ ಸಡ್ಲ ಮಾಡಿ ತಿರುಗಿ ಬಿಗಿ ಮಾಡ್ಯಾರೇನ್ರಿ?”

“ಏನ್ ಮಾಡ್ಯಾರೋ ನನಗೇನ್ ಗೊತ್ತಪಾ? ನಾಳೆ ಐದಕ್ಕ ಹೊಂಡಬೇಕು. ಇನ್ನೊಂದ್ ಸುತ್ತು ಬಿಗಿ ಮಾಡಿ ಕೊಡು.”

ವಿಷಯವಿರುವುದು ಇಲ್ಲಿಯೇ. ಆ ಕಾಲದ ಆ ಬಗೆಯ ಟೆನ್ಷನರಿನ ಗೂಟಕ್ಕೆ ಒಮ್ಮುಖದ ಹಲ್ಲುಗಳಿರುತ್ತವೆ. ಕೈಮಗ್ಗದಲ್ಲಿ ನೇಯ್ದ ಬಟ್ಟೆ ಸುತ್ತುವ ದಿಂಡಿಗೆ ಹಲ್ಲಿನ ಗಾಲಿಯೂ ತಡೆಯೂ ಇದ್ದು, ದಿಂಡು ಮುಂದಕ್ಕಷ್ಟೇ ತಿರುಗುವುದನ್ನು ಇಳಕಲ್ಲು, ಗುಳೇದಗುಡ್ಡದ ಕಡೆಯ ಮಕ್ಕಳೂ ಬಲ್ಲರು. ಈ ಗೂಟವೂ ಹಾಗೆಯೇ. ಮುಂದೆ ಚಾಚಿದ ಮೇಲೆ ಹಿಂದೆ ಸರಿಯದು. ಕೊಳವೆಯನ್ನು ಎರಡು ಸುತ್ತು ಸಡಿಲಿಸಿದರೆ ಸ್ಪ್ರಿಂಗು ಗೂಟವನ್ನು ಅಷ್ಟೇ ಮುಂದಕ್ಕೆ ನೂಕುತ್ತದೆ, ಹಲ್ಲು ಕಚ್ಚಿಕೊಳ್ಳುತ್ತದೆ. ಮತ್ತೆ ಕೊಳವೆಯನ್ನು ಬಿಗಿದಾಗ ಚಾಚಿದ ಗೂಟವೂ ಅದರೊಡನೆ ಒಳಕ್ಕೆ ಹೋಗಿ ಸರಪಳಿಯನ್ನು ಮಿತಿಮೀರಿ ಒತ್ತುತ್ತದೆ. ಎಣ್ಣೆ ಸೋರುವುದು ಬಿಗಿತ ಸಾಲದೆ ಅಲ್ಲ, ಇಪ್ಪತ್ತಾರು ವರ್ಷ ಕಾವುಂಡ ಸೀಲು ಉಂಗುರವು ಸತ್ವಹೀನವಾದುದರಿಂದ. ಆ ಉಂಗುರವನ್ನು ಬದಲಿಸುವುದಾದರೂ ಇಡೀ ಟೆನ್ಷನರನ್ನು ಹೊರತೆಗೆದು, ಗೂಟವನ್ನು ಕೊಳವೆಯಿಂದ ಪೂರ್ತಿ ಬೇರೆ ಮಾಡಿ, ಮೊದಲಿನಿಂದ ಕೂಡಿಸಬೇಕು. ನಡುವಿನ ದಾರಿಯೆಂಬುದಿಲ್ಲ.

ಮಿಸ್ತ್ರಿಯವರು ಮೇಲಿನ ಮುಚ್ಚಳವನ್ನು ಬಿಚ್ಚಿ ಸಾವಕಾರರನ್ನು ಕರೆದು ತೋರಿಸಿದರು. ಬೆರಳಿನಿಂದ ಒತ್ತಿದರೆ ಸರಪಳಿಯು ಶ್ರುತಿ ಮಾಡಿದ ತಂಬೂರಿಯ ತಂತಿಯಂತೆ ಸೆಟೆದು ನಿಂತಿತ್ತು. “ಹಿಂಗ ಪುಣೆಗೆ ಹ್ವಾದ್ರ ಪಟ್ಟಿ ಮುರೀತದ್ರಿ. ಕೀಲಿಕೈ ನೀವ ಒಯ್ರಿ, ಆದ್ರ ಚಾಲೂ ಮಾತ್ರ ಮಾಡಬ್ಯಾಡ್ರಿ” ಎಂದರು. ಸಾವಕಾರರು ಸಿಟ್ಟಿಗೆದ್ದು, ಬೇರೆ ಕಡೆ ಎಳೆಸಿಕೊಂಡು ಹೋಗುವೆನೆಂದರು. ಹೋಗಬಹುದೆಂದು ಮಿಸ್ತ್ರಿ ಹೇಳಿದರು. ಒಂದು ನಿಮಿಷದ ಕೆಲಸಕ್ಕೆ ಸಿಗುತ್ತಿದ್ದ ಹಣವನ್ನೂ ಮೂವತ್ತು ವರ್ಷಗಳ ಗಿರಾಕಿಯನ್ನೂ ಒಟ್ಟಿಗೆ ಬಿಡಲು ಸಿದ್ಧರಿದ್ದ ಆ ಧೈರ್ಯವು ಎಷ್ಟು ಜನ ವಿದ್ಯಾವಂತರಲ್ಲಿದ್ದೀತು? ಕಡೆಗೆ ಸಾವಕಾರರು ಅಂದಿನ ರಾತ್ರಿಯ ಬಸ್ಸಿಗೆ ಹೋದರು; ಕಾರು ಅಲ್ಲಿಯೇ ಉಳಿಯಿತು.

ಹೊಸ ಟೆನ್ಷನರೂ ಉಂಗುರಗಳೂ ಬರಲು ಮೂರು ದಿನ ಹಿಡಿಯಿತು. ಹಳೆಯದನ್ನು ಸಡಿಲಿಸಿದಾಗ ಸೆಟೆದಿದ್ದ ಸರಪಳಿಯು ಕಣ್ಣೆದುರಿಗೇ ಮೆತ್ತಗಾಯಿತು. ಕೈಕೆಳಗಿನ ಹುಡುಗನು ಕ್ರ್ಯಾಂಕಿನ ನಟ್ಟಿಗೆ ಪಾನಾ ಹಾಕಲು ಹೋದಾಗ ಮಿಸ್ತ್ರಿ ಗದರಿಸಿದರು: ಟೆನ್ಷನರ್ ಇಲ್ಲದಾಗ ಎಂಜಿನ್ನನ್ನು ತಿರುಗಿಸಿದರೆ, ಅದರಲ್ಲಿಯೂ ಹಿಮ್ಮುಖವಾಗಿ ತಿರುಗಿಸಿದರೆ, ಸಡಿಲವೆಲ್ಲ ಒಂದೆಡೆ ಸೇರಿ ಸರಪಳಿಯು ಹಲ್ಲು ದಾಟುತ್ತದೆ. ಪಟ್ಟಿಯ ಮೇಲೆ ಬೆಳಕು ಬಿಟ್ಟು ನೋಡಿದರು. ಗೀರು ಬಿದ್ದಿತ್ತು, ಬಿರುಕಿರಲಿಲ್ಲ. ಹೊಸ ಉಂಗುರವಿಟ್ಟು, ಅಳತೆಯ ಪಾನಾದಿಂದ ಬಿಗಿದು, ಎಲ್ಲ ಕೂಡಿಸಿದ ಮೇಲೆ ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳು ಸರಿಯಾಗಿ ಕೂಡಿದುದನ್ನು ನೋಡಿಕೊಂಡರು. ಮೊದಲು ಕಿಡಿ ಹೊತ್ತದಂತೆ ತಪ್ಪಿಸಿ ಸ್ಟಾರ್ಟರಿನಿಂದ ಕೆಲವು ಸೆಕೆಂಡು ತಿರುಗಿಸಿ ಎಣ್ಣೆಯನ್ನು ಮೇಲೇರಿಸಿದರು. ಅನಂತರವೇ ಚಾಲೂ ಮಾಡಿದ್ದು. ಒಂದು ಗಳಿಗೆ ಕಟಕಟವೆಂದು, ಸದ್ದಡಗಿತು. ಗುಂಯ್ಗುಡುವ ಹಾಡೂ ಇರಲಿಲ್ಲ.

ಪುಣೆಯಿಂದ ಮರಳಿದ ಸಾವಕಾರರು ಎಣಿಸದೆ ಹಣ ಕೊಟ್ಟರು. ಮಿಸ್ತ್ರಿ ಎಣಿಸಿ, ಹೆಚ್ಚಾದುದನ್ನು ಹಿಂದಿರುಗಿಸಿದರು. ಕಾರಿನ ಅಡಿಯಲ್ಲಿ ಮತ್ತೂ ಒಂದು ಹನಿ ಕಂಡಿತು. ಅದು ಕೆಳಗಿನ ಎಣ್ಣೆ ತಟ್ಟೆಯ ಪ್ಯಾಕಿಂಗಿನದೆಂದೂ ಅದಕ್ಕೇನೂ ಅವಸರವಿಲ್ಲವೆಂದೂ ಹೇಳಿ, ದೀಪಾವಳಿಯ ನಂತರ ಬರುವಂತೆ ತಿಳಿಸಿದರು.