ಗುಲ್ಮಾರ್ಗೋ, ಔಲಿಯೋ?

ಚನ್ನಪಟ್ಟಣದವರಿಗೆ ಚಳಿ ಎಂದರೆ ಊಟಿ. ಮೈಸೂರು ದಾಟಿ, ಬಂಡೀಪುರದ ಕಾಡು ಹಾದು, ಘಟ್ಟದ ತಿರುವುಗಳನ್ನು ಹತ್ತಿದ ಮೇಲೆ ಚೀಲದಿಂದ ಸ್ವೆಟರು ಹೊರಗೆ ಬರುತ್ತದೆ. ಆದರೆ 2024ರ ಜನವರಿಯಲ್ಲಿ ಕಲಾನಗರದ ಒಂದು ಮನೆಯಲ್ಲಿ ಊಟಿಯನ್ನು ಬದಿಗಿಟ್ಟು ಹಿಮದ ಮಾತು ಶುರುವಾಯಿತು. ಯಜಮಾನರದು ಗೊಂಬೆ ಮಾಡುವ ಕಸುಬು; ಮನೆಯ ಹಿಂದಿನ ಶೆಡ್ಡಿನಲ್ಲೇ ಲೇತ್. ದಸರೆಯಿಂದ ಸಂಕ್ರಾಂತಿಯವರೆಗೆ ಒಳ್ಳೆಯ ಆರ್ಡರುಗಳು ಬಂದು ಕೈಯಲ್ಲಿ ನಾಲ್ಕು ಕಾಸು ಉಳಿದಿತ್ತು. ದ್ವಿತೀಯ ಪಿಯುಸಿ ಓದುತ್ತಿದ್ದ ಮಗಳು ಕೇಳಿದ್ದು ಒಂದೇ: ಹಿಮದ ಮೇಲೆ ಸ್ಕೀ ಕಲಿಯಬೇಕು.

ಭಾರತದಲ್ಲಿ ಸ್ಕೀ ಎಂದೊಡನೆ ಮುಖ್ಯವಾಗಿ ಕೇಳಿಬರುವ ಹೆಸರುಗಳು ಎರಡು: ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ. ಒಂಬತ್ತನೇ ತರಗತಿಯ ಮಗನ ಓಟು ಗುಲ್ಮಾರ್ಗ್‌ಗೆ. ಅಲ್ಲಿನ ಗೊಂಡೋಲ, ಅಂದರೆ ತಂತಿಯ ಮೇಲೆ ತೂಗುತ್ತ ಸಾಗುವ ಪೆಟ್ಟಿಗೆ, ಎರಡು ಹಂತಗಳಲ್ಲಿ ಅಫರ್ವಾತ್ ಬೆಟ್ಟವನ್ನು 3,900 ಮೀಟರ್‌ಗೂ ಮೇಲೆ ಹತ್ತಿಸುತ್ತದೆ. ಅಜ್ಜಿಯ ಓಟು ಔಲಿಗೆ. ಸ್ಕೀ ಎಂಬ ಶಬ್ದವನ್ನು ಅವರು ಕೇಳಿದ್ದೇ ಆಗ. ಔಲಿಯ ಕೆಳಗೆ ಜೋಶಿಮಠ, ಜೋಶಿಮಠದಿಂದ ಮುಂದಕ್ಕೆ ಬದರಿ ಎಂದು ಯಾರೋ ಹೇಳಿದ್ದರು, ಅಷ್ಟು ಸಾಕಾಯಿತು. "ಶೃಂಗೇರಿ ನೋಡಾಯ್ತು. ಕಣ್ಣು ಮುಚ್ಚೋದ್ರೊಳಗೆ ಬದರಿ ಒಂದು ತೋರಿಸಪ್ಪ" ಎಂದು ಮಗನಿಗೆ ಹೇಳಿದರು.

ಹುಡುಗ ಎರಡೂ ಊರುಗಳ ಎತ್ತರ ಹುಡುಕಲು ಕುಳಿತವನು ಒಂದು ತಮಾಷೆ ಕಂಡುಹಿಡಿದ. ಗುಲ್ಮಾರ್ಗ್‌ನ ಎತ್ತರ ಸುಮಾರು 2,650 ಮೀಟರ್. ಊಟಿಯ ದೊಡ್ಡಬೆಟ್ಟದ್ದು 2,637. ಹೆಚ್ಚುಕಡಿಮೆ ಸಮವೇ. ಹಾಗಿದ್ದರೆ ದೊಡ್ಡಬೆಟ್ಟದಲ್ಲಿ ಏಕೆ ಹಿಮ ಬೀಳುವುದಿಲ್ಲ? ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಡಿಸೆಂಬರ್ 22ರ ನಡುಮಧ್ಯಾಹ್ನ ಸೂರ್ಯ ದೊಡ್ಡಬೆಟ್ಟದಲ್ಲಿ ದಿಗಂತದಿಂದ ಸುಮಾರು 55 ಡಿಗ್ರಿ ಮೇಲಿರುತ್ತಾನೆ, ಗುಲ್ಮಾರ್ಗ್‌ನಲ್ಲಿ 33 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಓರೆಯಾಗಿ ಬಿದ್ದ ಬಿಸಿಲಿಗೆ ಕಾವು ಕಡಿಮೆ. ಅದರ ಜೊತೆಗೆ ಮೆಡಿಟರೇನಿಯನ್ ಕಡೆಯಿಂದ ತೇವ ಹೊತ್ತು ಬರುವ ಪಶ್ಚಿಮದ ಮಾರುತಗಳು ಚಳಿಗಾಲದಲ್ಲಿ ಹಿಮಾಲಯಕ್ಕೆ ಬಂದು ಬಡಿಯುತ್ತವೆ. ಊಟಿಯಲ್ಲಿ ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಬೆಳ್ಳಗೆ ಕಾಣುವುದು ಆಕಾಶದಿಂದ ಬಿದ್ದ ಹಿಮವಲ್ಲ. ನೆಲದ ಹತ್ತಿರದ ತೇವ ಅಲ್ಲೇ ಹೆಪ್ಪುಗಟ್ಟಿದ್ದು.

ಇದೆಲ್ಲ ತಂದೆಯ ತಲೆಗೆ ಅಷ್ಟಾಗಿ ಹತ್ತಲಿಲ್ಲ. ಸ್ಕೀ ಹಲಗೆ ಜಾರುವುದು ಹೇಗೆ ಎಂದು ಮಗಳು ವಿವರಿಸಿದಾಗ ಮಾತ್ರ ಕಿವಿ ನೆಟ್ಟಗಾಯಿತು. ಹಲಗೆ ಉಜ್ಜಿದ ಕಾವಿಗೆ ಹಿಮದ ಮೇಲ್ಮೈ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕರಗುತ್ತದೆ, ಆ ನೀರೇ ಎಣ್ಣೆಯ ಕೆಲಸ ಮಾಡುತ್ತದೆ. "ಅರಗು ಹಚ್ಚೋದೂ ಹಂಗೇ ಅಲ್ವೇನವ್ವಾ?" ಎಂದರು. ಹೌದು. ಲೇತಿನಲ್ಲಿ ಗಿರಗಿರನೆ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಕಾವಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಬೆಂಕಿ ಬೇಕಿಲ್ಲ. ಮೂವತ್ತು ವರ್ಷದಿಂದ ಮಾಡುತ್ತಿರುವ ಕೆಲಸದಲ್ಲೇ ಮಗಳ ಆಟದ ಗುಟ್ಟು ಇದೆ ಎಂದು ತಿಳಿದ ಮೇಲೆ ಅವರು ಖರ್ಚಿನ ಬಗ್ಗೆ ಗೊಣಗುವುದನ್ನು ಕಡಿಮೆ ಮಾಡಿದರು.

ಆದರೆ ಪತ್ರಿಕೆಗಳ ಸುದ್ದಿ ಉತ್ಸಾಹ ಕೊಡುವಂತಿರಲಿಲ್ಲ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ನೂರಾರು ಮನೆಗಳು ಬಿರುಕುಬಿಟ್ಟಿದ್ದವು, ಔಲಿಗೆ ಹೋಗುವ ರೋಪ್‌ವೇ ನಿಂತಿತ್ತು. ಮರುತಿಂಗಳು ಔಲಿಯ ಅಂತರರಾಷ್ಟ್ರೀಯ ಸ್ಪರ್ಧೆ ಹಿಮವಿಲ್ಲದೆ ರದ್ದಾಯಿತು. ಸರಿ, ಗುಲ್ಮಾರ್ಗ್ ಎನ್ನೋಣವೆಂದರೆ 2024ರ ಜನವರಿಯ ಚಿತ್ರಗಳಲ್ಲಿ ಅಲ್ಲಿಯೂ ಒಣಹುಲ್ಲು. ತಿಂಗಳ ಕೊನೆಗೆ ಹಿಮ ಬಿತ್ತು ನಿಜ, ಫೆಬ್ರವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವೂ ನಡೆಯಿತು. ಪಹಲ್ಗಾಮ್‌ನ ದುರಂತ ಮರುವರ್ಷದ ಏಪ್ರಿಲ್‌ನದು. ಇವರು ಲೆಕ್ಕ ಹಾಕುವಾಗ ಆ ಭಯ ಇಷ್ಟು ಹತ್ತಿರ ಇರಲಿಲ್ಲ.

ನಿಜವಾದ ತೊಡಕು ಊರಿನದಲ್ಲ, ತಿಂಗಳಿನದು. ಸ್ಕೀ ಕಲಿಸುವುದು ಜನವರಿಯಿಂದ ಮಾರ್ಚ್‌ವರೆಗೆ. ಪಿಯುಸಿ ಪರೀಕ್ಷೆ ಮಾರ್ಚ್ 1ಕ್ಕೆ, ಸಿಇಟಿ ಏಪ್ರಿಲ್ 18ಕ್ಕೆ. ಫೆಬ್ರವರಿಯಲ್ಲಿ ಪುಸ್ತಕ ಹೊತ್ತುಕೊಂಡೇ ಹತ್ತು ದಿನ ಹೋಗಿಬರುತ್ತೇನೆಂದು ಮಗಳು ಹಟ ಹಿಡಿದಳು. ತಾಯಿ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ಅವಳ ಮುಂದಿಟ್ಟು ಒಳಗೆ ಹೋದರು. ಭೌತಶಾಸ್ತ್ರ ಓದುವ ಹುಡುಗಿಗೆ ಹತ್ತು ದಿನದ ಹಿಮ ಹತ್ತು ಮಾದರಿ ಪ್ರಶ್ನೆಪತ್ರಿಕೆಗಳಿಗಿಂತ ಕಡಿಮೆ ಪಾಠವೇನಲ್ಲ. ಆದರೆ ಸಿಇಟಿ ಅದಕ್ಕೆ ಅಂಕ ಕೊಡುವುದಿಲ್ಲ, ಅದು ಮಗಳಿಗೂ ಗೊತ್ತಿತ್ತು.

ಉಳಿದದ್ದು ಮೇ ತಿಂಗಳು. ಆಗ ಔಲಿಯ ಇಳಿಜಾರು ಹಸಿರಾಗಿರುತ್ತದೆ. ಅಫರ್ವಾತ್ ಮೇಲೆ ಹಿಮ ಉಳಿದಿರುತ್ತದೆ: ಕಿಲೋಮೀಟರ್ ಏರಿದರೆ ಆರೂವರೆ ಡಿಗ್ರಿ ಇಳಿಕೆ ಎಂಬ ಲೆಕ್ಕದಲ್ಲಿ ಗುಲ್ಮಾರ್ಗ್‌ಗಿಂತ ಅಲ್ಲಿ ಎಂಟು ಡಿಗ್ರಿಯಷ್ಟು ಹೆಚ್ಚು ತಂಪು. ಹುಡುಗ ಗೆದ್ದೆನೆಂದುಕೊಂಡ. ಅಕ್ಕ ಒಪ್ಪಲಿಲ್ಲ. "ನೋಡಿ ಫೋಟೋ ತೆಗೆಸ್ಕೊಂಡು ಬರೋಕೆ ಅಷ್ಟು ದುಡ್ಡು ಬೇಡಪ್ಪ. ಮೇನಲ್ಲಿ ಬದರಿ ಬಾಗಿಲು ತೆಗೀತಾರೆ, ಅಜ್ಜಿನ ಕರ್ಕೊಂಡು ಹೋಗೋಣ. ನನ್ನ ಪಾಲಿನದು ತೆಗೆದಿಡು. ಕಾಲೇಜಿಗೆ ಸೇರಿದ ಮೇಲೆ ಜನವರಿಯಲ್ಲಿ ನಾನು ಗುಲ್ಮಾರ್ಗ್‌ಗೆ ಹೋಗ್ತೀನಿ" ಎಂದಳು. ತಮ್ಮ ಎರಡು ದಿನ ಮಾತು ಬಿಟ್ಟ.

ಮೇ ಕೊನೆಯಲ್ಲಿ ಎಲ್ಲರೂ ಹೊರಟರು. ಆ ವರ್ಷ ಯಾತ್ರಿಕರ ನೂಕುನುಗ್ಗಲು ವಿಪರೀತ. ಬದರಿಯ ಸಾಲಿನಲ್ಲಿ ಅಜ್ಜಿಯ ಕೈ ಹಿಡಿದು ನಿಂತವನು ಆ ತಮ್ಮನೇ. ಹಿಂದಿರುಗುವಾಗ ಅರ್ಧ ದಿನ ಮಾಡಿಕೊಂಡು ಔಲಿಗೂ ಹತ್ತಿದರು. ಸ್ಕೀ ಇಳಿಜಾರಿನಲ್ಲಿ ದನಗಳು ಮೇಯುತ್ತಿದ್ದವು. ಹಿಮ ಇದ್ದದ್ದು ದೂರದಲ್ಲಿ, 7,816 ಮೀಟರ್ ಎತ್ತರದ ನಂದಾದೇವಿಯ ಮೇಲೆ. ಮಗಳು ಇಳಿಜಾರಿನ ತುದಿಯಿಂದ ಬುಡದವರೆಗೆ ನಡೆದೇ ಇಳಿದಳು.

ಶರತ್ಕಾಲದಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಗಿ ವೇಳಾಪಟ್ಟಿ ಕೈಗೆ ಬಂತು. ಮೊದಲ ಸೆಮಿಸ್ಟರಿನ ಪರೀಕ್ಷೆ ಜನವರಿಯಲ್ಲಿ. ತೆಗೆದಿಟ್ಟ ಹಣ ಅಂಚೆ ಕಚೇರಿಯ ಖಾತೆಯಲ್ಲಿ ಹಾಗೆಯೇ ಇದೆ.