ಉಪ್ಪು, ಬತ್ತಿ, ಅಲಾರಂ

1980ರ ದಶಕದಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಸೆರೆಮನೆಯೊಂದರಲ್ಲಿ ಕೈದಿಯೊಬ್ಬ ಅಧಿಕಾರಿಗಳ ಮುಂದೆ ಸಾಮಾನಿನ ಪಟ್ಟಿ ಇಟ್ಟ. ಗಂಧಕ, ಅದಿಲ್ಲದಿದ್ದರೆ ಅಯೋಡಿನ್ ಬೆರೆಸದ ಉಪ್ಪು, ಮೇಣದಬತ್ತಿ, ಧೂಪ, ಟೊಪ್ಪಿಗೆಯಿರುವ ಬಿಳಿ ನಿಲುವಂಗಿ, ಜೊತೆಗೊಂದು ಅಲಾರಂ ಗಡಿಯಾರ. ಉಪ್ಪು ಬೇಕಾದದ್ದು ತನ್ನ ಸುತ್ತ ಮಂಡಲ ಬರೆದುಕೊಳ್ಳಲು. ಗಡಿಯಾರ ಯಾಕೆ? ಧ್ಯಾನಕ್ಕೆ ಕೂತವನಿಗೆ ಹೊತ್ತಾಯಿತು, ಏಳು ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲವಲ್ಲ! ಆತ ವಿಕ್ಕಾ ಪಂಥ ಹಿಡಿದವನು. ಕಲಿಯುತ್ತಿದ್ದದ್ದು ಅಂಚೆಯಲ್ಲಿ ಬರುವ ಪಾಠಗಳಿಂದ.

ವಿಕ್ಕಾ ಎಂದರೇನು ಎಂದು ಕೇಳಿದರೆ ಕನ್ನಡದಲ್ಲಿ ಥಟ್ಟನೆ ಬಾಯಿಗೆ ಬರುವುದು ಮಾಟಗಾತಿಯ ಹೆಸರು. ನಿಂಬೆಹಣ್ಣು, ಕುಂಕುಮ, ಸೂಜಿ ಚುಚ್ಚಿದ ಗೊಂಬೆ ಕಣ್ಣಮುಂದೆ ಸುಳಿಯುತ್ತವೆ. ಆದರೆ ವಿಕ್ಕಾದವರ ಧ್ಯಾನವೆಲ್ಲ ಹುಣ್ಣಿಮೆ, ಋತುಗಳ ತಿರುವು, ಒಬ್ಬ ದೇವಿ, ಕೊಂಬುಳ್ಳ ಒಬ್ಬ ದೇವ, ಇಷ್ಟರ ಮೇಲೆ. ಇಂಗ್ಲೆಂಡಿನಲ್ಲಿ ಮಾಟದ ವಿರುದ್ಧದ ಹಳೆಯ ಕಾಯ್ದೆ 1951ರಲ್ಲಿ ರದ್ದಾಯಿತು. ಮಲಯಾದಲ್ಲಿ ಸುಂಕದ ಇಲಾಖೆಯಲ್ಲಿದ್ದು ನಿವೃತ್ತರಾಗಿದ್ದ ಜೆರಾಲ್ಡ್ ಗಾರ್ಡ್ನರ್ 1954ರಲ್ಲಿ ಪುಸ್ತಕ ಬರೆದು ಈ ಪಂಥವನ್ನು ಬಯಲಿಗೆ ತಂದರು. ಅವರ ಪದ್ಧತಿಯಲ್ಲಿ ಒಂಟಿಗರಿಗೆ ಜಾಗವಿರಲಿಲ್ಲ. ‘ಕವನ್’ ಎಂಬ ಕೂಟ ಬೇಕು, ಒಂಬತ್ತು ಅಡಿ ಅಗಲದ ಮಂಡಲ ಬೇಕು. ಗಂಡಸಿಗೆ ಹೆಂಗಸು, ಹೆಂಗಸಿಗೆ ಗಂಡಸು ದೀಕ್ಷೆ ಕೊಡಬೇಕು.

ಕೂಟವೇ ಸಿಗದ ಊರಿನವರ ಗತಿ?

ದಾರಿ ತೋರಿಸಿದವರಲ್ಲಿ ಒಬ್ಬರು ಗಾರ್ಡ್ನರ್ ಅವರಿಂದಲೇ ದೀಕ್ಷೆ ಪಡೆದಿದ್ದ ಡೊರೀನ್ ವ್ಯಾಲಿಯೆಂಟ್. ತನಗೆ ತಾನೇ ದೀಕ್ಷೆ ಕೊಟ್ಟುಕೊಳ್ಳುವ ಕ್ರಮವನ್ನು ಅವರು 1978ರ ತಮ್ಮ ಪುಸ್ತಕದಲ್ಲಿ ಬಿಡಿಸಿ ಬರೆದರು. ಬ್ರೈಟನ್ ನಗರದಲ್ಲಿ ಅವರು ಬಹುಕಾಲ ವಾಸವಿದ್ದದ್ದು ಬಹುಮಹಡಿ ವಸತಿ ಕಟ್ಟಡವೊಂದರ ಫ್ಲ್ಯಾಟಿನಲ್ಲಿ. 2013ರಲ್ಲಿ ಅದರ ಗೋಡೆಗೆ ಅವರ ನೆನಪಿನ ನೀಲಿ ಫಲಕ ಬಿತ್ತು. 1988ರಲ್ಲಿ ಅಮೆರಿಕದ ಸ್ಕಾಟ್ ಕನ್ನಿಂಗ್‌ಹ್ಯಾಮ್ ಒಂಟಿ ಸಾಧಕರಿಗೆಂದೇ ಒಂದು ಇಡೀ ಕೈಪಿಡಿ ತಂದರು. ಏಕಲವ್ಯನಿಗೆ ಮಣ್ಣಿನ ದ್ರೋಣ, ಇವರಿಗೆ ಪೇಪರ್‌ಬ್ಯಾಕ್. ಹಳೆಯ ಕೂಟಗಳಲ್ಲಿ ಕೆಲವರು ಮೂಗು ಮುರಿದರು, ಪುಸ್ತಕ ಮಾತ್ರ ಖರ್ಚಾಗುತ್ತಲೇ ಹೋಯಿತು.

ಒಂಟಿ ಸಾಧಕರ ಗುಡಿ ಹೆಚ್ಚೆಂದರೆ ಕಪಾಟಿನ ಒಂದು ಹಲಗೆ. ಬಟ್ಟಲಲ್ಲಿ ಉಪ್ಪು, ಲೋಟದಲ್ಲಿ ನೀರು, ಬತ್ತಿ, ಧೂಪ: ಭೂಮಿ, ನೀರು, ಬೆಂಕಿ, ಗಾಳಿ ಅಲ್ಲಿಗೆ ಬಂದಂತೆ. ವರ್ಷಕ್ಕೆ ಎಂಟು ಹಬ್ಬ. ಅದರಲ್ಲಿ ಸತ್ತವರನ್ನು ನೆನೆಯುವ ಹಬ್ಬದ ಹೆಸರಿನ ಉಚ್ಚಾರ ‘ಸಾವಿನ್’. ಕನ್ನಡದ ಕಿವಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕದ ಪ್ರಕಾರ ಅದು ಅಕ್ಟೋಬರ್ 31, ಚಳಿಗಾಲದ ಹೊಸ್ತಿಲು. ಮೆಲ್ಬರ್ನ್‌ನಲ್ಲಿ ಅದೇ ದಿನ ಕಿಟಕಿ ತೆರೆದರೆ ವಸಂತ! ಹಾಗಾಗಿ ಅಲ್ಲಿನ ಅನೇಕರು ಪಂಚಾಂಗವನ್ನೇ ತಿರುವಿಹಾಕಿ ಹಬ್ಬವನ್ನು ಏಪ್ರಿಲ್ ಕೊನೆಗೆ ಮಾಡುತ್ತಾರೆ. ಯಾವ ಮಠದ ಅಪ್ಪಣೆಯೂ ಬೇಡ; ಮರದ ಎಲೆ ಉದುರುತ್ತಿದೆಯೇ ಎಂದು ನೋಡಿಕೊಂಡರಾಯಿತು.

ವರ್ಜೀನಿಯಾದ ಕೈದಿಗೆ ಅಪ್ಪಣೆ ಬೇಕಿತ್ತು. ಅವನ ಮೊಕದ್ದಮೆಯಲ್ಲಿ 1986ರಲ್ಲಿ ಮೇಲ್ಮನವಿ ನ್ಯಾಯಾಲಯ ವಿಕ್ಕಾ ಒಂದು ಧರ್ಮವೇ ಹೌದು ಎಂದು ಒಪ್ಪಿಕೊಂಡಿತು. ಆದರೆ ಭದ್ರತೆಯ ಕಾರಣಕ್ಕೆ ಸಾಮಾನು ಕೊಡದಿದ್ದುದನ್ನೂ ಎತ್ತಿಹಿಡಿಯಿತು. ಧರ್ಮ ಗೇಟು ದಾಟಿ ಒಳಗೆ ಬಂತು. ಉಪ್ಪಿನ ಪೊಟ್ಟಣ ಹೊರಗೇ ಉಳಿಯಿತು.