ಬಾಗಿಲಲ್ಲೇ ನಿಂತ ಉತ್ತರ

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರಿಗೆ 'ತಾಳೆ' ಎಂಬ ಮಾತಿಗಿಂತ ದೊಡ್ಡ ಮಾತಿಲ್ಲ. ಕಿರ್ದಿಗೂ ಖಾತೆಗೂ ತಾಳೆಯಾಗಬೇಕು, ತೂಕದ ಚೀಟಿಗೂ ಗೋದಾಮಿನ ಚೀಲಕ್ಕೂ ತಾಳೆಯಾಗಬೇಕು. ತಾಳೆಯಾಗದ ದಿನ ಗುಮಾಸ್ತರಿಗೆ ಊಟ ಸೇರುವುದಿಲ್ಲ. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಲೆಕ್ಕಪತ್ರದ ಕಂಪ್ಯೂಟರ್ ಪ್ರೋಗ್ರಾಂ ಮುಂದೆ 'ಟ್ಯಾಲಿ' ಎಂಬ ಹೆಸರಿನಿಂದ ದೇಶದ ಅಂಗಡಿ ಅಂಗಡಿಗೂ ಬಂತಲ್ಲ, ಅದು ನಮ್ಮ 'ತಾಳೆ'ಯೇ ಇಂಗ್ಲಿಷ್ ಅಂಗಿ ತೊಟ್ಟು ಬಂದದ್ದೆಂದು ನಂಬಿದವರು ನಮ್ಮ ಕಡೆ ಈಗಲೂ ಇದ್ದಾರೆ. ನಾನು ತಿದ್ದಲು ಹೋಗಿಲ್ಲ.

ಅಂಗಡಿಯೊಳಗಿನ ತಾಳೆ ಹಳೆಯ ಕಥೆ. ಈಗಿನ ಕಷ್ಟ ಬೇರೆ. ಅಂಗಡಿಯ ಲೆಕ್ಕ ಒಂದು ಕಂಪ್ಯೂಟರಿನಲ್ಲಿ, ಸರ್ಕಾರದ್ದು ಇನ್ನೆಲ್ಲೋ ಇರುವ ಕಂಪ್ಯೂಟರಿನಲ್ಲಿ, ಲಾರಿಯವರದು ಮತ್ತೊಂದರಲ್ಲಿ, ಬ್ಯಾಂಕಿನದು ಮಗದೊಂದರಲ್ಲಿ. ಇವೆಲ್ಲ ಒಂದಕ್ಕೊಂದು ಮಾತಾಡಬೇಕು. ಮಾತಾಡುವ ಜಗುಲಿ ಯಾವುದೆಂದರೆ ಗುಮಾಸ್ತರ ಕಣ್ಣೆದುರಿನ ಬ್ರೌಸರು. ಆದರೆ ಆ ಜಗುಲಿಯಲ್ಲಿ ಅಕ್ಕಪಕ್ಕ ಕುಳಿತವರು ಒಬ್ಬರ ಮುಖ ಒಬ್ಬರು ನೋಡಕೂಡದು ಎಂಬ ಕಟ್ಟಳೆಯಿದೆ! ಈ ವಿಚಿತ್ರ ನನಗೆ ಗೊತ್ತಾದದ್ದು ಸಾಗರದಲ್ಲಿ ಭಾವನ ಮಂಡಿಯಲ್ಲಿ ಕುಳಿತು. ವ್ಯಾಪಾರಕ್ಕೂ ನನಗೂ ಸಂಬಂಧವಿಲ್ಲ; ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ರಜೆಯಲ್ಲಿ ಅಲ್ಲಿ ಹೋಗಿ ಪೇಪರು ಓದುತ್ತೇನೆ, ಪುಕ್ಕಟೆ ಚಹಾ ಕುಡಿಯುತ್ತೇನೆ, ಕೇಳದಿದ್ದರೂ ಸಲಹೆ ಕೊಡುತ್ತೇನೆ.

2017ರ ಜುಲೈ 1ರಂದು ಜಿಎಸ್‌ಟಿ ಬಂತು. 50 ಸಾವಿರ ರೂಪಾಯಿಗೆ ಮೇಲ್ಪಟ್ಟ ಸರಕು ಲಾರಿ ಹತ್ತಬೇಕಾದರೆ ಇ-ವೇ ಬಿಲ್ಲು ಬೇಕೆಂಬ ನಿಯಮ ಬಂತು. ಅದನ್ನು 2018ರ ಫೆಬ್ರವರಿ 1ರಂದು ದೇಶಾದ್ಯಂತ ಆರಂಭಿಸಲು ಹೋಗಿ, ತಾಂತ್ರಿಕ ತೊಡಕಿನಿಂದ ಅಂದೇ ಮುಂದೂಡಿ, ಏಪ್ರಿಲ್ 1ರಿಂದ ಜಾರಿಗೆ ತಂದರು. ರಾಜ್ಯದೊಳಗಿನ ಸಾಗಾಣಿಕೆಗೂ ಅದನ್ನು ಮೊದಲು ಅನ್ವಯಿಸಿದ ರಾಜ್ಯ ಕರ್ನಾಟಕ. ಒಳ್ಳೆಯ ರಾಶಿ ಅಡಿಕೆಯಾದರೆ ಕ್ವಿಂಟಲ್ಲಿಗೇ 50 ಸಾವಿರ ಮುಟ್ಟುವ ಕಾಲವಿದು. ಹಾಗಾಗಿ ಮಂಡಿಯಿಂದ ಹೊರಡುವ ಯಾವ ಲಾರಿಗೂ ಬಿಲ್ಲು ತಪ್ಪಿದ್ದಲ್ಲ. 2023ರ ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿ ಮೀರಿದ ವಹಿವಾಟಿನವರು ವ್ಯಾಪಾರಿಗಳಿಗೆ ಮಾಡುವ ಮಾರಾಟದ ಬಿಲ್ಲನ್ನೂ ಸರ್ಕಾರದ ಸೈಟಿನಲ್ಲಿ ನೋಂದಾಯಿಸಬೇಕು. ಐದು ಕೋಟಿ ಎಂದರೆ ಹೆದರಬೇಡಿ, ಆ ದರದಲ್ಲಿ ಬರೀ ಸಾವಿರ ಕ್ವಿಂಟಲ್!

ಭಾವನ ಮಂಡಿಯ ಗುಮಾಸ್ತರಿಗೆ ಅರವತ್ತು ದಾಟಿದೆ. ಮೂವತ್ತು ವರ್ಷ ಕೆಂಪು ಬಟ್ಟೆಯ ಪುಸ್ತಕದಲ್ಲಿ ಬರೆದವರು. ಅವರ ಹೊಸ ಕೆಲಸವೆಂದರೆ ಎರಡು ಕಿಟಕಿಗಳ ನಡುವೆ ಅಡ್ಡಾಡುವುದು. ಒಂದರಲ್ಲಿ ಅಂಗಡಿಯ ಬಿಲ್ಲು, ಇನ್ನೊಂದರಲ್ಲಿ ಸರ್ಕಾರದ ಸೈಟು. ಇಲ್ಲಿಯದನ್ನು ನೋಡಿ ಅಲ್ಲಿ ಒತ್ತಬೇಕು. ಅದರಲ್ಲಿ ಅತಿ ಕಷ್ಟದ್ದು ಜಿಎಸ್‌ಟಿ ನಂಬರು. ಅದಕ್ಕೆ 15 ಅಕ್ಷರ. ಮೊದಲೆರಡು ರಾಜ್ಯದ ಸಂಖ್ಯೆ (ನಮ್ಮದು 29), ಆಮೇಲಿನ ಹತ್ತು ಪಾನ್ ನಂಬರು. ಕೊನೆಯದೇ ಸ್ವಾರಸ್ಯದ್ದು. ಮೊದಲ 14ಕ್ಕೆ 0ಯಿಂದ 35ರವರೆಗೆ ಬೆಲೆ ಕಟ್ಟಿ (ಅಂಕಿ ಹತ್ತು, ಇಂಗ್ಲಿಷ್ ಅಕ್ಷರ ಇಪ್ಪತ್ತಾರು), ಒಂದು ಬಿಟ್ಟು ಒಂದನ್ನು ಎರಡರಿಂದ ಗುಣಿಸಿ, 36ರಿಂದ ಭಾಗಿಸಿ, ಭಾಗಲಬ್ಧ ಶೇಷಗಳನ್ನು ಕೂಡಿಸುತ್ತ ಹೋದರೆ ಕೊನೆಗೆ 15ನೆಯ ಅಕ್ಷರ ಹೀಗೇ ಇರಬೇಕೆಂದು ಗೊತ್ತಾಗುತ್ತದೆ. ಒಂದೇ ಒಂದು ಅಕ್ಷರ ತಪ್ಪಿದರೂ ಲೆಕ್ಕ ಒಪ್ಪುವುದಿಲ್ಲ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಶೇಷದ ಲೆಕ್ಕ ಯಾಕೆ ಎಂದು ಕೇಳಿದಾಗ ನಾನೀಗ ಇದನ್ನೇ ಬೋರ್ಡಿನ ಮೇಲೆ ಮಾಡಿ ತೋರಿಸುತ್ತೇನೆ. ಆದರೆ ಒಂದು ಮಾತು: ಆ ನಂಬರು ಸರಿಯಾಗಿ ಹುಟ್ಟಿದ್ದೋ ಇಲ್ಲವೋ ಎಂಬುದನ್ನಷ್ಟೇ ಈ ಲೆಕ್ಕ ಹೇಳುತ್ತದೆ, ಯಾರ ಮನೆಯದೆಂದು ಹೇಳುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುತ್ತಾನೆ. ಊರಿಗೆ ಬಂದಾಗ ಈ ಒದ್ದಾಟ ನೋಡಿ, "ಸಾರ್, ಇದನ್ನೆಲ್ಲ ಒಂದೇ ಪರದೆಗೆ ತರ್ತೀನಿ" ಎಂದ. ತಂದ. ಬ್ರೌಸರಿನಲ್ಲೇ ಓಡುವ ಬಿಲ್ಲಿನ ಪುಟ. ಕೊಳ್ಳುವವರ ಹೆಸರು ಒತ್ತಿದರೆ ನಂಬರು ತಾನೇ ಬರಬೇಕು, ಲಾರಿಯ ಸಂಖ್ಯೆ ಒತ್ತಿದರೆ ಅದು ಎಲ್ಲಿದೆಯೆಂದು ಬರಬೇಕು. ಲಾರಿಯದು ಮಾತ್ರ ಬರಲಿಲ್ಲ. ಚೌಕ ಖಾಲಿ. ಅವನು ಒಂದು ಗುಂಡಿ ಒತ್ತಿದ. ಪರದೆಯ ಬದಿಯಲ್ಲಿ ಕೆಂಪು ಅಕ್ಷರದ ಸಾಲುಗಳು ಬಂದವು. "ಉತ್ತರ ಬಂದಿದೆ ಸಾರ್. ಬ್ರೌಸರು ನಮಗೆ ಕೊಡ್ತಿಲ್ಲ" ಎಂದ.

ನನಗೆ ತಟ್ಟನೆ ನೆನಪಾದದ್ದು ಬಿ.ಎಸ್ಸಿ. ಓದುವಾಗಿನ ನಮ್ಮ ಹಾಸ್ಟೆಲಿನ ವಾರ್ಡನ್ನರು. ಅಂಚೆ ಬರುತ್ತಿತ್ತು. ಕಳಿಸಿದವರ ವಿಳಾಸ ನೋಡಿ, ಮನೆಯದಾದರೆ ನಮ್ಮ ಕೈಗೆ, ಬೇರೆಯದಾದರೆ ಮೇಜಿನ ಡ್ರಾಯರಿಗೆ. ಬ್ರೌಸರಿನದೂ ಇದೇ ವಾರ್ಡನ್‌ಗಿರಿ.

ಈ ಕಟ್ಟಳೆ ಯಾಕೆ ಬಂತೆಂದು ಕೆದಕಿದೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಎಂಬವರು ಜಾವಾಸ್ಕ್ರಿಪ್ಟ್ ಭಾಷೆಯನ್ನು ಹತ್ತು ದಿನದಲ್ಲಿ ಮೊದಲ ರೂಪಕ್ಕೆ ತಂದರು. ಅಲ್ಲಿಯವರೆಗೆ ಗೋಡೆಗಂಟಿಸಿದ ಪೋಸ್ಟರಿನಂತಿದ್ದ ವೆಬ್ ಪುಟಗಳಿಗೆ ಕೈಕಾಲು ಬಂದವು. ಕೈ ಬಂದ ಮೇಲೆ ಕಳ್ಳತನದ ಭಯವೂ ಬಂತು. ನೀವು ಒಂದು ಕಿಟಕಿಯಲ್ಲಿ ಬ್ಯಾಂಕು ತೆರೆದಿದ್ದೀರಿ, ಇನ್ನೊಂದರಲ್ಲಿ ಯಾವುದೋ ನಗೆಹನಿಯ ಪುಟ. ಬ್ಯಾಂಕಿಗೆ ನೀವು ಯಾರೆಂದು ಗೊತ್ತಾಗಲು ಬ್ರೌಸರು 'ಕುಕಿ' ಎಂಬ ಗುರುತಿನ ಚೀಟಿಯನ್ನು ಇಟ್ಟುಕೊಂಡು ಪ್ರತಿ ಸಲವೂ ತೋರಿಸುತ್ತದೆ. ಆ ನಗೆಹನಿಯ ಪುಟ ಸದ್ದಿಲ್ಲದೆ ಬ್ಯಾಂಕಿಗೆ ಪ್ರಶ್ನೆ ಕಳಿಸಿದರೆ ಆ ಚೀಟಿಯೂ ಜೊತೆಗೆ ಹೋಗುವ ಸಂಭವವಿತ್ತು! ಬ್ಯಾಂಕು ನೀವೇ ಕೇಳಿದ್ದೆಂದು ತಿಳಿದು ಉತ್ತರ ಕೊಟ್ಟರೆ, ನಿಮ್ಮ ಖಾತೆಯ ಒಳಗುಟ್ಟು ನಗೆಹನಿಯವನ ಕೈಯಲ್ಲಿ. ಅದಕ್ಕೇ ನೆಟ್‌ಸ್ಕೇಪಿನವರು ನಿಯಮ ಮಾಡಿದರು: ಒಂದು ಮೂಲದಿಂದ ಬಂದ ಪುಟಕ್ಕೆ ಅದೇ ಮೂಲದ ಮಾಹಿತಿ ಮಾತ್ರ. 'ಅದೇ ಮೂಲ' ಎಂದರೆ ಮಾತಿನ ರೀತಿ, ಮನೆಯ ಹೆಸರು, ಬಾಗಿಲ ಸಂಖ್ಯೆ ಮೂರೂ ಒಂದೇ ಇರಬೇಕು. ಹಾಗಾಗಿ 'ಎಚ್‌ಟಿಟಿಪಿ'ಯ ಮನೆಗೂ 'ಎಚ್‌ಟಿಟಿಪಿಎಸ್'ನ ಮನೆಗೂ ಹೆಸರು ಒಂದೇ ಇದ್ದರೂ ನೆಂಟಸ್ತನವಿಲ್ಲ.

ನಾನು ಮಕ್ಕಳಿಗೆ ಜೀವಕೋಶದ ಪೊರೆಯ ಪಾಠ ಮಾಡುವಾಗ ಹೇಳುವುದೂ ಇದನ್ನೇ. ಪೊರೆ ಎಲ್ಲವನ್ನೂ ಬಿಟ್ಟರೆ ಕೋಶ ಸಾಯುತ್ತದೆ, ಏನನ್ನೂ ಬಿಡದಿದ್ದರೂ ಸಾಯುತ್ತದೆ.

ವ್ಯಾಪಾರ ನಡೆಯಬೇಕಲ್ಲ! ಜನ ಸಂದಿ ಹುಡುಕಿದರು. ಪುಟವನ್ನು ಪೂರ್ತಿ ಬದಲಿಸದೆ ಸದ್ದಿಲ್ಲದೆ ಮಾಹಿತಿ ತರಿಸುವ ಉಪಾಯವನ್ನು ಮೈಕ್ರೋಸಾಫ್ಟಿನವರು ಕಚೇರಿಯ ಅಂಚೆಪೆಟ್ಟಿಗೆಯನ್ನು ಬ್ರೌಸರಿನಲ್ಲಿ ತೋರಿಸಲೆಂದು ಕಟ್ಟಿದ್ದರು. 1999ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಅದು ಬಂತು. 2005ರಲ್ಲಿ ಪಾಲ್ ರಾಡೆಮಾಕರ್ ಎಂಬ ಅಮೆರಿಕದ ಪ್ರೋಗ್ರಾಮರ್ ಒಂದು ಸೈಟಿನ ಬಾಡಿಗೆ ಮನೆಗಳ ಜಾಹೀರಾತನ್ನೂ ಗೂಗಲ್ ನಕ್ಷೆಯನ್ನೂ ಒಂದೇ ಪುಟದಲ್ಲಿ ಕೂಡಿಸಿ ತೋರಿಸಿದರು. ಆಗ ಎಲ್ಲರಿಗೂ ಇದರ ರುಚಿ ಹತ್ತಿತು. ಚಿತ್ರಗಳನ್ನೂ ಪ್ರೋಗ್ರಾಂ ತುಣುಕುಗಳನ್ನೂ ಬೇರೆ ಮನೆಯಿಂದ ತರಿಸಲು ಬ್ರೌಸರು ಮೊದಲಿನಿಂದಲೂ ಬಿಡುತ್ತಿತ್ತು. ಅಂಥ ತುಣುಕಿನ ಹೊಟ್ಟೆಯೊಳಗೆ ಮಾಹಿತಿ ಅಡಗಿಸಿ ತರುವ ಉಪಾಯವೂ ಅದೇ ವರ್ಷ ಚಾಲ್ತಿಗೆ ಬಂತು. ಹುಲ್ಲುಗಾಡಿಯಲ್ಲಿ ಚೀಲ ಅಡಗಿಸಿ ನಾಕಾ ದಾಟಿಸಿದ ಹಾಗೆ. ಕೆಲಸ ಆಗುತ್ತಿತ್ತು, ಆದರೆ ಗಾಡಿಯೊಳಗೆ ಇನ್ನೇನಿದೆಯೆಂದು ನೋಡುವವರಿರಲಿಲ್ಲ.

ರಾಜಮಾರ್ಗ ಆಮೇಲೆ ಬಂತು. 2004ರಲ್ಲಿ ಟೆಲ್‌ಮಿ ಎಂಬ ಕಂಪನಿಯವರು ಟೆಲಿಫೋನಿನಲ್ಲಿ ಮಾತಾಡುವ ಸೇವೆಗಳಿಗೆಂದು ಕೊಟ್ಟ ಸಲಹೆ ಬೆಳೆದು, 2014ರ ಜನವರಿಯಲ್ಲಿ ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಅಧಿಕೃತ ಶಿಫಾರಸಾಯಿತು. ಹೆಸರು 'ಕಾರ್ಸ್'. ತಿರುಳು ಇಷ್ಟೇ: ಉತ್ತರ ಕೊಡುವ ಮನೆಯವರು ಲಕೋಟೆಯ ಮೇಲೆ 'ಇದನ್ನು ಇಂಥ ಮನೆಯವರು ಓದಬಹುದು' ಎಂದು ಬರೆದು ಕಳಿಸಬೇಕು. ಬರೆದಿದ್ದರೆ ವಾರ್ಡನ್ನರು ಕೊಡುತ್ತಾರೆ, ಇಲ್ಲದಿದ್ದರೆ ಡ್ರಾಯರಿಗೆ. ಇನ್ನು ಬಿಲ್ಲು ಕಳಿಸುವುದು, ಅಳಿಸುವುದು ಮುಂತಾದ ಭಾರದ ಕೆಲಸವಾದರೆ ಬ್ರೌಸರು ಮೊದಲು ಬರಿಗೈಯ ಆಳನ್ನು ಕಳಿಸಿ 'ನಮ್ಮವರು ಇಂಥ ಕೆಲಸಕ್ಕೆ ಬರಬಹುದೇ' ಎಂದು ಕೇಳಿಸುತ್ತದೆ. ಒಪ್ಪಿಗೆ ಬಂದ ಮೇಲೆಯೇ ನಿಜವಾದ ಸವಾರಿ. ಹೆಣ್ಣು ನೋಡಲು ಹೋಗುವ ಮೊದಲು ನಮ್ಮ ಕಡೆ ಮಾಡುತ್ತಿದ್ದುದೂ ಹೀಗೆಯೇ!

ಲಾರಿ ಕಂಪನಿಯವರು ಲಕೋಟೆಯ ಮೇಲೆ ನಮ್ಮ ಮಂಡಿಯ ಹೆಸರು ಬರೆದಿರಲಿಲ್ಲ. ಹುಡುಗ ಎರಡು ಸಲ ಪತ್ರ ಬರೆದ. ಉತ್ತರವಿಲ್ಲ. ಕೊನೆಗೆ ತನ್ನದೇ ಸರ್ವರಿನಲ್ಲಿ ಒಬ್ಬ ಮಧ್ಯಸ್ಥನನ್ನು ಕೂರಿಸಿದ. ನಮ್ಮ ಪುಟ ಮಧ್ಯಸ್ಥನನ್ನು ಕೇಳುತ್ತದೆ, ಅವನು ಲಾರಿ ಕಂಪನಿ ಕೊಟ್ಟಿದ್ದ ಕೀಲಿಪದ ತೋರಿಸಿ ಉತ್ತರ ತರುತ್ತಾನೆ. ಸರ್ವರಿಗೂ ಸರ್ವರಿಗೂ ನಡುವೆ ಈ ವಾರ್ಡನ್ನರು ಇಲ್ಲ. ಯಾಕೆಂದರೆ ಮಧ್ಯಸ್ಥನ ಜೇಬಿನಲ್ಲಿ ನಿಮ್ಮ ಬ್ಯಾಂಕಿನ ಗುರುತಿನ ಚೀಟಿ ಇರುವುದಿಲ್ಲ, ಅವನಿಂದ ಕಳುವಾಗುವ ಭಯವಿಲ್ಲ. ಇದನ್ನು ನಾನು ವಿವರಿಸಿದಾಗ ಭಾವ ಬಿದ್ದು ಬಿದ್ದು ನಕ್ಕ. "ಅಂದ್ರೆ ದಲಾಲಿ! ಅಷ್ಟು ಹೇಳೋಕೆ ಇಷ್ಟು ಪಾಠ ಬೇಕಿತ್ತೇ ಮಾರಾಯ?"

ನಗು ಹೆಚ್ಚು ದಿನ ಉಳಿಯಲಿಲ್ಲ. ಕಿಟಕಿಯಿಂದ ಕಿಟಕಿಗೆ ನಕಲು ಮಾಡುವ ಕೆಲಸ ಹೋದ ಮೇಲೆ ಗುಮಾಸ್ತರಿಗೆ ಸಂಬಳ ಯಾಕೆ ಎಂಬ ಮಾತು ಮನೆಯಲ್ಲಿ ಎದ್ದಿತು. ದೀಪಾವಳಿಯವರೆಗೆ ಇರಲಿ, ಆಮೇಲೆ ನೋಡೋಣ ಎಂದ ಭಾವ. ಗುಮಾಸ್ತರಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಮೂವತ್ತು ವರ್ಷ ಒಂದೇ ಮೂಲೆಯಲ್ಲಿ ಕುಳಿತವರಿಗೆ ಚಹಾದ ಲೋಟ ಇಡುವ ಸದ್ದಿನಲ್ಲೇ ಎಲ್ಲ ತಿಳಿಯುತ್ತದೆ.

ಒಂದು ಸಂಜೆ ರಾಜಕೋಟಿನ ವ್ಯಾಪಾರಿಗೆ ಲಾರಿ ತುಂಬಿತ್ತು. ಪುಟ ತಾನೇ ನಂಬರು ತಂದು ಕೂರಿಸಿತ್ತು, ಸರ್ಕಾರದ ಸೈಟು ಒಪ್ಪಿ ಬಿಲ್ಲಿಗೆ 64 ಅಕ್ಷರದ ಗುರುತನ್ನೂ ಕೊಟ್ಟಿತ್ತು. ಗುಮಾಸ್ತರು ಕನ್ನಡಕ ಏರಿಸಿಕೊಂಡು ಕಾಗದ ನೋಡಿದರು. "ಮೇಷ್ಟ್ರೇ, ಲಾರಿ ಹೋಗೋದು ಗುಜರಾತಿಗೆ. ನಂಬರು 27 ಅಂತ ಯಾಕೆ ಶುರುವಾಗ್ತದೆ?" ಗುಜರಾತು 24, ಮಹಾರಾಷ್ಟ್ರ 27. ಆ ವ್ಯಾಪಾರಿಗೆ ಮುಂಬಯಿಯಲ್ಲೂ ಅಂಗಡಿಯಿದೆ. ಪಾನ್ ಒಂದೇ; ವ್ಯತ್ಯಾಸ ಮೊದಲೆರಡು ಅಂಕಿಯಲ್ಲಿ ಮತ್ತು ಕೊನೆಯ ತಾಳೆಯ ಅಕ್ಷರದಲ್ಲಿ. ಹೊರಗಿನ ಸೇವೆ ಎರಡು ನಂಬರು ಕೊಟ್ಟಿತ್ತು, ಹುಡುಗನ ಪ್ರೋಗ್ರಾಂ ಪಟ್ಟಿಯ ಮೊದಲನೆಯದನ್ನು ಎತ್ತಿಕೊಂಡಿತ್ತು. ಶೇಷದ ಲೆಕ್ಕ ಸರಿ, ಬ್ರೌಸರಿನ ಅನುಮತಿ ಸರಿ, ಸರ್ಕಾರದ ಮುದ್ರೆಯೂ ಸರಿ. ಬಿಲ್ಲು ಮಾತ್ರ ತಪ್ಪು ಮನೆಗೆ. ಹಾಗೇ ಹೋಗಿದ್ದರೆ ತೆರಿಗೆಯ ಜಮೆ ಮುಂಬಯಿಯ ಖಾತೆಗೆ ಹೋಗಿ, ರಾಜಕೋಟಿನವರು ಅದು ಸರಿಯಾಗುವವರೆಗೆ ಹಣ ತಡೆಹಿಡಿಯುತ್ತಿದ್ದರು. ಒಂದು ಲಾರಿ ಅಡಿಕೆಯ ಹಣ ನಿಂತರೆ ಸಣ್ಣ ಮಂಡಿಗೆ ತಿಂಗಳು ನಿಂತ ಹಾಗೆ. ರದ್ದು ಮಾಡಲು 24 ಗಂಟೆಯ ಅವಕಾಶವಿದೆ. ಲಾರಿ ಇನ್ನೂ ಅಂಗಳದಲ್ಲೇ ಇತ್ತು. ಎರಡೂ ಬಿಲ್ಲನ್ನು ರದ್ದು ಮಾಡಿ, ಹೊಸ ಸಂಖ್ಯೆಯಲ್ಲಿ ಮತ್ತೆ ಮಾಡಿಸಿದರು. ಒಮ್ಮೆ ರದ್ದಾದ ಬಿಲ್ಲಿನ ಸಂಖ್ಯೆ ಮತ್ತೆ ಬರುವುದಿಲ್ಲ.

ಹುಡುಗನಿಗೆ ಫೋನು ಮಾಡಿದೆ. ಊರಿನ ಪಿನ್‌ಕೋಡಿಗೂ ನಂಬರಿನ ಮೊದಲೆರಡು ಅಂಕಿಗೂ ತಾಳೆ ನೋಡುವ ನಿಯಮವನ್ನು ಆ ರಾತ್ರಿಯೇ ಸೇರಿಸಿದ. ಅದಕ್ಕೆ ಅವನಿಗೆ ಅರ್ಧ ಗಂಟೆ ಸಾಕಾಯಿತಂತೆ. ಆದರೆ ಆ ಪ್ರಶ್ನೆ ಕೇಳಬೇಕೆಂದು ಅವನಿಗಾಗಲಿ ಬಿ.ಎಸ್ಸಿ., ಬಿ.ಎಡ್. ಮಾಡಿದ ನನಗಾಗಲಿ ಹೊಳೆದಿರಲಿಲ್ಲ. ಲಾರಿ ಯಾವ ಊರಿನ ರಸ್ತೆ ಹಿಡಿಯುತ್ತದೆಂದು ಮನಸ್ಸಿನಲ್ಲೇ ಕಾಣಬಲ್ಲವರಿಗೆ ಮಾತ್ರ ಹೊಳೆಯುವಂಥದು ಅದು.

ದೀಪಾವಳಿ ಬಂತು, ಹೋಯಿತು. ಅಂಗಡಿ ಪೂಜೆಗೆ ಗುಮಾಸ್ತರೇ ಹೊಸ ಪುಸ್ತಕದ ಮೊದಲ ಪುಟಕ್ಕೆ ಅರಿಶಿನ ಹಚ್ಚಿದರು. ಆ ಪುಸ್ತಕದಲ್ಲಿ ಈಗ ಏನೂ ಬರೆಯುವುದಿಲ್ಲ, ಆದರೂ ತರುತ್ತಾರೆ. ಸಂಬಳದ ಮಾತನ್ನು ಭಾವ ಮತ್ತೆ ಎತ್ತಿಲ್ಲ, ನಾನೂ ಕೇಳಿಲ್ಲ. ಗುಮಾಸ್ತರು ಹುಡುಗನಿಂದ ಒಂದು ಬದಲಾವಣೆ ಮಾಡಿಸಿಕೊಂಡಿದ್ದಾರೆ: ಮೊದಲೆರಡು ಅಂಕಿ ಪರದೆಯಲ್ಲಿ ದಪ್ಪಗೆ ಕಾಣಬೇಕು, ಪಕ್ಕದಲ್ಲಿ ರಾಜ್ಯದ ಹೆಸರು ಕನ್ನಡದಲ್ಲಿರಬೇಕು. ಲಾರಿ ಕಂಪನಿಯಿಂದ ಪತ್ರ ಇನ್ನೂ ಬಂದಿಲ್ಲ. ದಲಾಲಿ ಮುಂದುವರಿದಿದೆ.